ಅಪ್ಪನ ಫಾಂಟಿನಲ್ಲಿ ಇಲ್ಲದ ಅಕ್ಷರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಬ್ಯಾನರು ಇನ್ನೂ ನನ್ನ ಹತ್ತಿರ ಇದೆ.

ನಮ್ಮಪ್ಪ ಅಂಗಡಿಗಳಿಗೆ ಬ್ರಷ್ಷಿನಲ್ಲಿ ಬೋರ್ಡು ಬರೆಯುತ್ತಿದ್ದ. ಒತ್ತಕ್ಷರದ ಬಾಲವನ್ನು ಸರ್ರಂತ ಎಡಕ್ಕೆ ಎಳೆದುಬಿಡುತ್ತಿದ್ದ. ಅಪ್ಪ ಹೋದ ಮೇಲೆ, ನಾನು ಕೆಲಸಕ್ಕಿರುವ ಪ್ರಿಂಟಿಂಗ್ ಅಂಗಡಿಯ ಯಜಮಾನ ಆ ಬೋರ್ಡುಗಳ ಫೋಟೊ ತೆಗೆಸಿ, ಅಕ್ಷರ ಕತ್ತರಿಸಿ ಫಾಂಟ್ ಮಾಡಿಸಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಫಾಂಟಿಗೆ ತನ್ನ ಹೆಸರೇ ಇಟ್ಟ! ಸಲೂನು, ಐಸ್‌ಕ್ರೀಂ ಗಾಡಿ, ಕಕ್ಕಸಿನ ಬಾಗಿಲು, ಎಲ್ಲದಕ್ಕೂ ಅದೇ. ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದವಳು ನಾನೇ.

ಅಂಗಡಿಗೆ ಹತ್ತು ವರ್ಷ ತುಂಬಿತು ಅಂತ ಯಜಮಾನನಿಗೆ ತನ್ನ ಫೋಟೊ ಹಾಕಿ, ಕೆಳಗೆ ‘ನಾನು ಕೃತಜ್ಞ’ ಎಂದು ಬ್ಯಾನರು ಬೇಕಾಯಿತು. ಪರದೆಯ ಮೇಲೆ ‘ಜ್ಞ’ ಜಾಗದಲ್ಲಿ ಖಾಲಿ ಚೌಕ ಬಂತು.

“ಸರ್, ಈ ಫಾಂಟಲ್ಲಿ ಜ್ಞ ಇಲ್ಲ.”

“ನೆಪ ಹೇಳ್ಬೇಡ. ಪ್ರಿಂಟ್ ಕೊಡು.”

ಕೊಟ್ಟೆ. ಮಿಷನ್ನಿನಿಂದ ಬ್ಯಾನರು ಯಾವಾಗಲೂ ಬೆಚ್ಚಗೆ ಬರುತ್ತೆ. ಇದು ತಣ್ಣಗಿತ್ತು. ಅಪ್ಪನ ಅಂಗಿಯಲ್ಲಿರುತ್ತಿದ್ದ ಟರ್ಪೆಂಟೈನ್ ವಾಸನೆ ಬಂತು. ಮಟಮಟ ಮಧ್ಯಾಹ್ನ, ಯಜಮಾನನ ಹಲ್ಲುಕಿಸಿದ ಮುಖದ ಕೆಳಗೆ ‘ನಾನು ಕೃತಘ್ನ’ ಅಂತಿತ್ತು.

“ಕೊಬ್ಬೇನೇ ನಿಂಗೆ?” ಎಂದು ಕಿರುಚಿ, ನನ್ನನ್ನು ಎಬ್ಬಿಸಿ ತಾನೇ ಟೈಪ್ ಮಾಡಿದ. ಪರದೆಯ ಮೇಲೆ ಅದೇ ಚೌಕ. ಮೂರು ಸಲ ಪ್ರಿಂಟ್ ಕೊಟ್ಟ, ಮೂರು ಸಲವೂ ‘ಘ್ನ’ ಬಂತು.

ಆ ಫಾಂಟಿನಲ್ಲಿ ‘ಘ್ನ’ ಕೂಡ ಇಲ್ಲ. ಅಪ್ಪನ ಬೋರ್ಡುಗಳನ್ನೆಲ್ಲ ಹುಡುಕಿದೆ, ಎಲ್ಲೂ ಇಲ್ಲ. ಆದರೆ ಬ್ಯಾನರಿನಲ್ಲಿ ಅದರ ಬಾಲ ಎಡಕ್ಕೆ ಹೋಗಿದೆ. ಎರಡು ವರ್ಷ ಆಯ್ತು. ಆ ಒಂದಕ್ಷರ ಮುಟ್ಟಿದರೆ ಬೆರಳಿಗೆ ಇವತ್ತಿಗೂ ಬಣ್ಣ ಹತ್ತುತ್ತೆ.