ಬೆಟ್ಟ ಹತ್ತದ ಟ್ಯಾಕ್ಸಿ

ಬೆಳಿಗ್ಗೆ ಹತ್ತು ಗಂಟೆಗೆ ಟ್ಯಾಕ್ಸಿಯವನು ಮೆಕ್ಯಾನಿಕ್‌ನ ತೋಳು ಹಿಡಿದು ದರದರ ಎಳೆದುಕೊಂಡೇ ಠಾಣೆಗೆ ಬಂದ. ಕಾರು ಊರೊಳಗೆ ಸಲೀಸಾಗಿ ಓಡುತ್ತದೆ, ಬೆಟ್ಟದ ಏರು ಸಿಕ್ಕೊಡನೆ ಎಂಜಿನ್ ಮಿಸ್ ಹೊಡೆಯುತ್ತದೆ. ಪ್ಲಗ್ಗು, ಕಾಯಿಲ್ಲು ಎಲ್ಲ ಹೊಸದಾದರೂ ಅದೇ ರಾಗ. ಮೆಕ್ಯಾನಿಕ್ ಬೇಕಂತಲೇ ಕೆಡಿಸಿ ತನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾನೆ ಎಂಬುದು ದೂರು. ಎಫ್‌ಐಆರ್ ಆಗದೆ ಜಾಗ ಬಿಟ್ಟು ಕದಲುವುದಿಲ್ಲ ಎಂದು ಪಟ್ಟು ಹಿಡಿದ. ಸರಿ, ದಾಖಲಾಯಿತು.

ಇನ್ಸ್‌ಪೆಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೆಕ್ಯಾನಿಕ್‌ನ ಮುಖದಲ್ಲಿ ಭಯಕ್ಕಿಂತ ಅವಮಾನವೇ ಹೆಚ್ಚಾಗಿ ಕಾಣುತ್ತಿತ್ತು. ಹಾಗಂತ ಮುಖ ನೋಡಿ ಬಿಟ್ಟು ಕಳಿಸಲು ಬರುತ್ತದೆಯೇ?

"ನೀನೇ ಮಾಡಿದ್ದಾ?"

"ನನ್ನ ಶೆಡ್ಡಿಗೆ ನಾನೇ ಕಲ್ಲು ಹಾಕ್ಕೋತೀನಾ ಸಾರ್?"

"ಹಾಗಾದ್ರೆ ಹುಡುಕಿ ತೋರಿಸು."

ಇಬ್ಬರು ಪಂಚರ ಎದುರು ಠಾಣೆಯ ಅಂಗಳದಲ್ಲೇ ಬಾನೆಟ್ ತೆರೆಸಿ ಪಂಚನಾಮೆ ಶುರುವಾಯಿತು. ಕಾನ್‌ಸ್ಟೇಬಲ್ ಏರು ಹತ್ತಿಸುವವನಂತೆ ಆಕ್ಸಿಲರೇಟರ್ ಜೋರಾಗಿ ತುಳಿದು ಹಿಡಿದ. ಮೆಕ್ಯಾನಿಕ್ ನಾಲ್ಕು ಕಾಯಿಲ್‌ಗಳ ಕನೆಕ್ಟರನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸಿ ನೋಡಿದ. ಮೊದಲ ಮೂರರಲ್ಲಿ ಪ್ರತಿಯೊಂದನ್ನು ಕಿತ್ತಾಗಲೂ ಎಂಜಿನ್ ಇನ್ನಷ್ಟು ಮುಗ್ಗರಿಸಿತು. ನಾಲ್ಕನೆಯದನ್ನು ಕಿತ್ತರೆ ಸದ್ದೇ ಬದಲಾಗಲಿಲ್ಲ, ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಅಲ್ಲಿಗೆ ಪಕ್ಕದ ಕಾಯಿಲ್ ಹಾಕಿದರೂ ಅದೇ ಕತೆ.

"ಕಾಯಿಲ್ ಅಲ್ಲ ಸಾರ್, ವೈರು," ಎಂದು ವೈರಿನ ಮೇಲಿದ್ದ ಕಪ್ಪು ಕೊಳವೆಯನ್ನು ಸೀಳಿದ.

ಒಳಗೆ ತಾಮ್ರದ ಎಳೆಗಳನ್ನೆಲ್ಲ ಕತ್ತರಿಸಿ ಎರಡನ್ನು ಮಾತ್ರ ಉಳಿಸಿದ್ದರು. ಅದರ ಮೇಲೆ ಒತ್ತಾಗಿ ನೂಲು ಸುತ್ತಿ ವಾರ್ನಿಷ್ ಬಳಿದಿದ್ದರು.

"ಸಮನೆಲಕ್ಕೆ ಎರಡೆಳೆ ಸಾಕು ಸಾರ್, ಏರಿಗೆ ಸಾಲಲ್ಲ. ಕಾರಿನ ಕೆಲಸದೋರು ಟೇಪ್ ಸುತ್ತೀವಿ. ಇದು ಫ್ಯಾನು, ಮೋಟರಿಗೆ ತಂತಿ ಸುತ್ತೋರ ಕೈ."

ಇನ್ಸ್‌ಪೆಕ್ಟರ್ ಕಾರಿನ ಸುತ್ತ ಎರಡು ಸುತ್ತು ಹಾಕಿದರು. ತಂತಿ ಬೆತ್ತಲೆ ಬಿಟ್ಟಿದ್ದರೆ ಕಿಡಿ ಹಾರಿ ಕಾರು ಹೊತ್ತಿಕೊಳ್ಳಬಹುದಿತ್ತು. ಕೆಡಿಸಿ, ಮತ್ತೆ ಜೋಪಾನವಾಗಿ ಮುಚ್ಚುವುದೆಂದರೆ ಇದೆಂಥಾ ದ್ವೇಷ?

"ನಿಮಗೆ ಗೊತ್ತಿರೋರಲ್ಲಿ ಮೋಟರ್ ಸುತ್ತೋರು ಯಾರಿದ್ದಾರೆ?"

ಟ್ಯಾಕ್ಸಿಯವನು ಮೆಕ್ಯಾನಿಕ್‌ನ ಕಡೆ ನೋಡದೆ ಹೇಳಿದ. "ನಮ್ಮನೆಯವಳು ಸಾರ್."

ಮಧ್ಯಾಹ್ನ ಇನ್ಸ್‌ಪೆಕ್ಟರ್ ಟ್ಯಾಕ್ಸಿಯವನನ್ನೂ ಮಹಿಳಾ ಕಾನ್‌ಸ್ಟೇಬಲನ್ನೂ ಕರೆದುಕೊಂಡು ಅವನ ಮನೆಗೆ ಹೋದಾಗ ಅವಳು ಮುಂದಿನ ಕೋಣೆಯಲ್ಲಿ, ಬಿಚ್ಚಿದ ಫ್ಯಾನುಗಳ ನಡುವೆ ಕೂತಿದ್ದಳು.

"ತಂತಿ ನೀವೇ ಕತ್ತರಿಸಿದ್ದಾ ಅಮ್ಮ?"

"ಹೌದು. ಪಾಪ, ಮೆಕ್ಯಾನಿಕ್ಕಣ್ಣನ ತಲೆಗೆ ಬರುತ್ತೆ ಅಂದ್ಕೊಂಡಿರ್ಲಿಲ್ಲ."

"ಯಾಕೆ?"

"ಇವ್ರು ಕೂತಲ್ಲೇ ಕಣ್ಣಿಗೆ ಕತ್ತಲೆ ಬಂದು ಬೀಳ್ತಾರೆ. ಡಾಕ್ಟ್ರು ಗಾಡಿ ಮುಟ್ಬೇಡ ಅಂದ್ರು. ನಾನು ಅತ್ತು ಕರೆದೆ, ಕಾಲು ಹಿಡಿದೆ. ಕೇಳೋ ಜನಾನಾ ಇವ್ರು? ಬೆಟ್ಟದ ಮೇಲೆ ಬಿದ್ರೆ ಹಿಂದೆ ಕೂತೋರೂ ಹೋಗ್ತಾರಲ್ಲ ಸಾರ್."

"ಮುಚ್ಚೇ ಬಾಯಿ," ಎಂದ ಗಂಡ. ಮರುಕ್ಷಣ ದನಿ ಇಳಿಯಿತು. "ದೂರು ವಾಪಸ್ ತಗೋತೀನಿ ಸಾರ್. ಮನೆ ವಿಷಯ."

"ಪಟ್ಟು ಹಿಡಿದು ಬರೆಸಿದ್ದು ನೀವೇ. ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ."

ಅವಳ ದಸ್ತಗಿರಿಯಾಯಿತು. ಮೆಕ್ಯಾನಿಕ್‌ನನ್ನು ಕಳಿಸಿಕೊಟ್ಟರು. ಸಂಜೆ ಇನ್ಸ್‌ಪೆಕ್ಟರ್ ತಾವೇ ಅವಳ ಹೇಳಿಕೆ ಬರೆದುಕೊಂಡರು. ಅವಳಿಗೆ ಜಾಮೀನಿನ ಚಿಂತೆಯೇ ಇರಲಿಲ್ಲ.

"ಇವ್ರು ತಲೆ ಸುತ್ತಿ ಬೀಳೋದು ಬರೆದ್ರಾ ಸಾರ್?"

"ಬರೆದೆ."

"ಡಾಕ್ಟ್ರು ಹೇಳಿದ್ದು?"

"ಅದೂ ಇದೆ. ಲೈಸೆನ್ಸ್ ಆಫೀಸಿಗೂ ಒಂದು ಪ್ರತಿ ಹೋಗುತ್ತೆ. ಆಮೇಲೆ ಅವರು ಟ್ಯಾಕ್ಸಿ ಓಡ್ಸೋ ಹಾಗಿಲ್ಲ. ನಿಮ್ಮನ್ನ ಈ ಜನ್ಮದಲ್ಲಿ ಕ್ಷಮಿಸ್ತಾರೋ ಇಲ್ವೋ."

"ಬದುಕಿದ್ದು ಬೈಯ್ಲಿ," ಎಂದಳು.

ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಹೊರಗಿನ ಬೆಂಚಿನಲ್ಲಿ ಗಂಡ ಬಿಕ್ಕಿ ಬಿಕ್ಕಿ ಅಳುವುದು ಒಳಗೆಲ್ಲ ಕೇಳುತ್ತಿತ್ತು. ಅವಳು ಆ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿಸಿ, ಸಹಿ ಹಾಕಿದಳು.