ಸ್ವಾಲಾಳ ಸೀಟು

"ಬಾಗಿಲು ಗಟ್ಟಿಯಾಗಿ ಹಿಡ್ಕೋ! ಗಾಳಿ ಕಿತ್ಕೊಂಡು ಹೋಗುತ್ತೆ!"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಡ್ರೀವಾಳ ಕೈ ಪೆಟ್ರೋಲ್ ಬಂಕಿನ ಅಂಗಡಿ ಬಾಗಿಲ ಮೇಲೆಯೇ ನಿಂತುಬಿಟ್ಟಿತು.

ಆ ದನಿ ಕೇಳಿ ಎಂಟು ತಿಂಗಳಾಗಿತ್ತು. ಮತ್ತೆ ಕೇಳಬಾರದೆಂದೇ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು. ನಂಬರನ್ನೇನೋ ಬ್ಲಾಕ್ ಮಾಡಬಹುದು... ಮನುಷ್ಯನನ್ನು ಬ್ಲಾಕ್ ಮಾಡಲು ಐಸ್‌ಲ್ಯಾಂಡ್ ತೀರಾ ಚಿಕ್ಕ ದೇಶ!

ಸ್ಟೇನಾರ್. ಅದೇ ಹಳೆಯ ಉಣ್ಣೆ ಸ್ವೆಟರು, ಅದೇ ಬಾಚದ ಗಡ್ಡ. ಅವನ ಹಿಂದೆ ಅದೇ ಕೆಸರು ಮೆತ್ತಿದ ಜೀಪು, ಅದರ ಬೆನ್ನಿನಲ್ಲಿ ಟ್ರ್ಯಾಕ್ಟರಿನ ಹೊಸ ಟೈರು.

"ನೀನೂ ಈಚೆ ಕಡೆ ಸಿಕ್ಕಿಹಾಕ್ಕೊಂಡ್ಯಾ?" ಎಂದ.

"ಕಾಣ್ಸಲ್ವಾ?"

ಹಿಮನದಿಯ ಕೆಳಗಿನ ಬೆಂಕಿಬೆಟ್ಟ ಹಿಂದಿನ ದಿನ ಬಿಸಿಯಾಗಿತ್ತು. ಕರಗಿದ ನೀರು ಒಮ್ಮೆಲೇ ನುಗ್ಗಿ ಹೊಳೆಯ ಮೇಲಿನ ಸೇತುವೆಯನ್ನು ಹೊತ್ತುಕೊಂಡು ಹೋಗಿತ್ತು. ಹೊಳೆಯಾಚೆ ಡ್ರೀವಾಳ ಅಪ್ಪನ ಮನೆ. ಸೇತುವೆಯಿದ್ದರೆ ಅರ್ಧ ಗಂಟೆಯ ದಾರಿ. ರೇಕ್ಯಾವಿಕ್‌ನಿಂದ ಬಂದ ಬಸ್ಸು ಅವಳನ್ನು ಇಲ್ಲೇ ಇಳಿಸಿತ್ತು. ಊರಿನ ಶಾಲೆಯ ನೆಲದ ಮೇಲೆ ಮಲಗಿ ಎದ್ದಿದ್ದಳು. ಫೋನು ಸತ್ತಿತ್ತು, ಚಾರ್ಜರು ರೇಕ್ಯಾವಿಕ್‌ನ ರೂಮಿನಲ್ಲೇ ಉಳಿದಿತ್ತು.

"ತಾತ್ಕಾಲಿಕ ಸೇತುವೆಗೆ ಒಂದು ವಾರ ಬೇಕಂತೆ ಕಣಮ್ಮ," ಎಂದಳು ಗಲ್ಲಾದಲ್ಲಿ ಕೂತಿದ್ದ ಹೆಂಗಸು. "ಕಾಫಿ ಕುಡಿ. ಕಾಫಿಗೆ ಸೇತುವೆ ಬೇಕಾಗಿಲ್ಲ."

ಒಂದು ವಾರ! ಶನಿವಾರ ಬೆಟ್ಟದಿಂದ ಕುರಿಗಳನ್ನು ಇಳಿಸಿ ದೊಡ್ಡಿಯಲ್ಲಿ ಬೇರ್ಪಡಿಸುವ ದಿನ. ಸೋಮವಾರ ನಾರ್ವೆಯ ಬರ್ಗೆನ್‌ಗೆ ಅವಳ ವಿಮಾನ. ಅಲ್ಲಿ ಕೆಲಸ ಸಿಕ್ಕಿತ್ತು, ಮನೆ ಗೊತ್ತಾಗಿತ್ತು. ಕೊನೆಯ ಸಲ ಅಪ್ಪನ ಜೊತೆ ಕುರಿ ಹಿಡಿದು, ಹೇಳಿ ಹೋಗಲು ಬಂದಿದ್ದಳು.

ಹೊರಗೆ ಸ್ಟೇನಾರ್ ಗಾಳಿಗೆ ಬೆನ್ನು ಕೊಟ್ಟು ಯಾರದೋ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ನಡುವೆ ನಕ್ಕ. ಆ ಮೂಕಬಸವ ಫೋನಿನಲ್ಲಿ ನಗುವುದೆಂದರೆ!

'ಅವಳೇ... ಇನ್ಯಾರು?'

ಒಳಗೆ ಬಂದವನು ಅವಳ ಮುಖ ನೋಡದೆ ಹೇಳಿದ: "ನಾನು ಸುತ್ತಿಕೊಂಡು ಹೋಗ್ತೀನಿ. ಬರ್ತೀಯಾ?"

"ಸುತ್ತಿ ಅಂದ್ರೆ? ಇಡೀ ದೇಶ ಸುತ್ತಿ?"

"ಬೇರೆ ರಸ್ತೆ ಎಲ್ಲಿದೆ?"

ಬೇರೆ ರಸ್ತೆ ಇರಲಿಲ್ಲ. ಅರ್ಧ ಗಂಟೆಯ ದಾರಿಗೆ ಎರಡು ದಿನ. ಅದೂ ಇವನ ಪಕ್ಕದಲ್ಲಿ ಕೂತು!

ಬಂಕಿನವಳ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಡ್ರೀವಾ ಜೀಪು ಹತ್ತಿದಳು.

ಹತ್ತಿದವಳಿಗೆ ಎದೆಯೊಳಗೆ ಮುಳ್ಳು ಮುರಿದಂತಾಯಿತು.

ಆ ಸೀಟು... ಕೊನೆಯ ತನಕ ಹಿಂದಕ್ಕೆ ಸರಿದಿತ್ತು. ಬೆನ್ನು ಅರ್ಧ ಮಲಗಿತ್ತು. ಡ್ರೀವಾ ಗಿಡ್ಡಿ. ಮೂರು ವರ್ಷ ಅದು ಅವಳ ಅಳತೆಗೇ ನಿಂತಿದ್ದ ಸೀಟು. ಈಗ ಕಾಲು ಚಾಚಿದರೂ ಮುಂದೆ ಏನೂ ಎಟುಕುತ್ತಿರಲಿಲ್ಲ. ಉದ್ದ ಕಾಲಿನ ಹೆಂಗಸೊಬ್ಬಳು ತಿಂಗಳುಗಟ್ಟಲೆ ಇಲ್ಲಿ ಆರಾಮಾಗಿ ಒರಗಿದ್ದಳು.

ಸ್ವಾಲಾ.

ಹಿಮನದಿಯ ಮೇಲೆ ಪ್ರವಾಸಿಗರನ್ನು ನಡೆಸುವ ಕೆಲಸದಲ್ಲಿ ಸ್ಟೇನಾರ್‌ನ ಜೊತೆಗಾರ್ತಿ. ಕಳೆದ ಚಳಿಗಾಲ ಹಿಮದ ಬಿರುಕಿಗೆ ಬಿದ್ದು ಕಾಲು ಮುರಿದುಕೊಂಡಳು. ಡ್ರೀವಾ, ಸ್ಟೇನಾರ್ ಇಬ್ಬರೂ ರೇಕ್ಯಾವಿಕ್‌ನಲ್ಲಿ ಒಟ್ಟಿಗೆ ಮನೆ ಮಾಡಬೇಕಿದ್ದ ತಿಂಗಳು ಅದು. ಡ್ರೀವಾ ಕೀಲಿಕೈ ಹಿಡಿದು ಕಾದಳು. ಅವನು ಆಸ್ಪತ್ರೆಯಲ್ಲಿ ಸ್ವಾಲಾಳ ಕೈ ಹಿಡಿದು ಕೂತ ಫೋಟೋವನ್ನು ಯಾರೋ ಕಳಿಸಿದರು. ಮೂರು ವಾರ ಕಾದವಳು ನಾಲ್ಕನೆಯ ವಾರ ಅವನ ನಂಬರು ಬ್ಲಾಕ್ ಮಾಡಿದಳು.

"ಸೀಟು ಮುಂದೆ ಎಳ್ಕೋ," ಎಂದ ಸ್ಟೇನಾರ್. "ಕೆಳಗೆ ಲಿವರ್ ಇದೆಯಲ್ಲ."

"ಬೇಡ. ಅವರವರ ಜಾಗ ಹಾಗೇ ಇರ್ಲಿ."

ಅವನು ಸುಮ್ಮನಾದ. ಅದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಕಪ್ಪು ಮರಳು, ಪಾಚಿ ಹೊದ್ದ ಲಾವಾ, ಹಿಂದಿನ ದಿನವಷ್ಟೇ ಬಿಟ್ಟು ಬಂದ ರೇಕ್ಯಾವಿಕ್... ಎಲ್ಲ ಹಿಂದಕ್ಕೆ ಸರಿದವು. ರೇಕ್ಯಾವಿಕ್‌ನಲ್ಲೇ ಇಳಿದುಬಿಡಬಹುದಿತ್ತು. ಇಳಿಯಲಿಲ್ಲ. ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳುವ ಧೈರ್ಯವಿರಲಿಲ್ಲ. ಬೆನ್ನು ಒರಗಿಸದೆ, ಪರೀಕ್ಷೆಗೆ ಕೂತವಳಂತೆ ನೆಟ್ಟಗೆ ಕೂತಿದ್ದಳು. ಸೊಂಟ ಸಾಯುತ್ತಿತ್ತು.

ವಾರ್ತೆ ಶುರುವಾದರೆ ಸಾಕು, ಸ್ಟೇನಾರ್ ರೇಡಿಯೋ ಆರಿಸುತ್ತಿದ್ದ.

"ಯಾಕೆ ಆರಿಸ್ತೀಯ?"

"ತಲೆನೋವು."

ಒಂದೇ ಗಾಡಿ ಹಿಡಿಯುವ ಸೇತುವೆಗಳು ಬಂದಾಗ, ಮೊದಲು ತಲುಪಿದರೂ ಅವನು ಬದಿಗೆ ನಿಂತು ಎದುರಿನವರಿಗೆ ದಾರಿ ಬಿಡುತ್ತಿದ್ದ.

"ಮೊದಲು ಬಂದವರು ನಾವು ಕಣೋ!"

"ಹೋಗ್ಲಿ ಬಿಡು. ಅವರಿಗೇನು ಅವಸರವೋ."

"ಹೌದು. ಎಲ್ಲರೂ ದಾಟಿ ಹೋಗ್ಲಿ ಅಂತ ನೀನು ನಿಂತಿರ್ತೀಯ. ನಾನು ದಾಟಿ ಹೋದಾಗ್ಲೂ ನಿಂತೇ ಇದ್ದೆ!"

ಅವನ ಕಿವಿ ಕೆಂಪಾಯಿತು. ಬಾಯಿ ತೆರೆದ... ಮತ್ತೆ ಮುಚ್ಚಿ ಗೇರು ಹಾಕಿದ.

ಉತ್ತರದ ಬಂಕೊಂದರಲ್ಲಿ ಸಾಸೇಜು ಬನ್ ಕೊಡುತ್ತಿದ್ದವನು ಜೀಪು ನೋಡಿ ಕೂಗಿದ: "ಓಹೋ ಸ್ಟೇನಾರ್! ಇವತ್ತು ಸ್ವಾಲಾ ಇಲ್ವಾ? ಅವಳಿಗೆ ಹುರಿದ ಈರುಳ್ಳಿ ಜಾಸ್ತಿ, ಗೊತ್ತು ನಂಗೆ!"

ಡ್ರೀವಾ ತನ್ನ ಬನ್ನಿನಿಂದ ಹುರಿದ ಈರುಳ್ಳಿಯನ್ನೆಲ್ಲ ಬೆರಳಿನಿಂದ ಕೆಡವಿದಳು. ಈರುಳ್ಳಿಯೆಂದರೆ ಅವಳಿಗೆ ಪ್ರಾಣ.

'ಇವರಿಬ್ಬರೂ ಈ ದಾರಿಯಲ್ಲಿ ಎಷ್ಟು ಸಲ ಬಂದಿದ್ದಾರೆ? ಈ ಬೆಂಚಿನ ಮೇಲೇ ಕೂತಿರಬೇಕು... ಅವಳ ತುಟಿಗೆ ಮೆತ್ತಿದ ಸಾಸಿವೆ ಸಾಸ್ ಇವನೇ ಒರೆಸಿರಬೇಕು!'

"ಸಂಜೆ ಸ್ವಾಲಾ ಮನೇಲಿ ಉಳಿಯೋಣ," ಎಂದ ಸ್ಟೇನಾರ್, ಹವಾಮಾನ ಹೇಳುವವನಂತೆ. "ದಾರಿಯುದ್ದಕ್ಕೂ ರೂಮುಗಳೆಲ್ಲ ತುಂಬಿವೆ."

"ನಾನು ಜೀಪಲ್ಲೇ ಮಲಗ್ತೀನಿ."

"ಟೈರು ನಾರುತ್ತೆ."

"ಟೈರೇ ವಾಸಿ!"

ಆದರೂ ಸ್ವಾಲಾಳ ಮನೆ ಬಂತು. ಬಾಗಿಲಲ್ಲಿ ಎತ್ತರದ ಹೆಂಗಸು ಕೋಲು ಊರಿ ನಿಂತಿದ್ದಳು. ಒಳಗಿನಿಂದ ಕುರಿಮಾಂಸದ ಸಾರಿನ ಘಮ.

"ಬಾ ಡ್ರೀವಾ. ಅಂತೂ ನಿನ್ನ ಮುಖ ನೋಡೋ ಹಾಗಾಯ್ತು. ಫೋನು ಗೀನು ಚಾರ್ಜ್ ಮಾಡ್ಕೋಬೇಕಾ?"

"ಬೇಡ." ಈ ಮನೆಯ ಕರೆಂಟೂ ಬೇಡವಾಗಿತ್ತು ಅವಳಿಗೆ.

'ಎಂಟು ತಿಂಗಳಾದರೂ ಕೋಲು! ಗಂಡಸಿನ ಕರುಣೆಯನ್ನು ಹೇಗೆ ಕಟ್ಟಿಹಾಕಬೇಕೆಂದು ಚೆನ್ನಾಗಿ ಕಲಿತಿದ್ದಾಳೆ.'

ಸ್ವಾಲಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬೆನ್ನು ಮರದ ಹಲಗೆ ಆಗಿದೆಯಲ್ಲೇ! ನಡಿ, ಕೊಳಕ್ಕೆ ಹೋಗೋಣ. ಇವನು ಪಾತ್ರೆ ತೊಳೀಲಿ."

ಊರಿನ ಬಿಸಿನೀರಿನ ಕೊಳಕ್ಕೆ ಕರೆದರೆ ಒಲ್ಲೆ ಎನ್ನುವ ಪದ್ಧತಿ ಆ ದೇಶದಲ್ಲಿಲ್ಲ. ಇಳಿಯುವ ಮುನ್ನ ಹೆಂಗಸರ ಸ್ನಾನದ ಕೋಣೆಯಲ್ಲಿ ಬಟ್ಟೆಯೆಲ್ಲ ಕಳಚಿ, ಎಲ್ಲರೆದುರು ಶವರಿನಡಿ ಸೋಪು ಹಚ್ಚಿ ಮೈ ತೊಳೆಯಲೇಬೇಕು. ಅಲ್ಲಿ ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ.

ಡ್ರೀವಾ ದಿಟ್ಟಿಸಿದಳು. ದಾರಿಯುದ್ದಕ್ಕೂ ಶಪಿಸಿದ್ದ ಆ ಉದ್ದ ಕಾಲುಗಳನ್ನು ನೋಡಲೇಬೇಕಿತ್ತು.

ನೋಡಿದಳು.

ಎಡಗಾಲು ಸರಿಯಾಗಿತ್ತು. ಬಲಗಾಲಿನಲ್ಲಿ ತೊಡೆಯಿಂದ ಪಾದದವರೆಗೆ ಕೆಂಪು ಗಾಯದ ಗೆರೆ. ಮೀನಖಂಡ ಎಂಬುದೇ ಇರಲಿಲ್ಲ. ಎಲುಬಿಗೆ ಚರ್ಮ ಸುತ್ತಿದಂತಿತ್ತು. ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ.

"ಮೊಣಕೈ ಹಿಡ್ಕೋತೀಯಾ? ಇಲ್ಲಿ ಕೋಲು ಜಾರುತ್ತೆ," ಎಂದಳು ಸ್ವಾಲಾ.

ಡ್ರೀವಾ ಹಿಡಿದಳು.

"ಏನು ಹಾಗೆ ನೋಡ್ತೀಯ? ಮುರಿದ ಕಾಲು ಅಂದ್ರೆ ಪ್ಲಾಸ್ಟರು ಹಾಕಿ, ತೆಗೆದು, ಕುಣಿಯೋದು ಅಂದ್ಕೊಂಡಿದ್ಯಾ? ಐದು ಆಪರೇಷನ್ ಆಯ್ತು. ಪ್ರತಿ ಸಲ ಆಸ್ಪತ್ರೆಗೆ ಅವನೇ ಕರ್ಕೊಂಡು ಹೋದ. ಅವತ್ತು ಹಿಮದ ಮೇಲೆ ಆ ದಾರಿ ಆರಿಸಿದ್ದು ಅವನು. ಅದನ್ನ ಹೊತ್ಕೊಂಡು ತಿರುಗ್ತಾನೆ, ಕತ್ತೆ."

ಡ್ರೀವಾ ಆ ಕಾಲನ್ನೇ ನೋಡುತ್ತ ಕೇಳಿದಳು: "ಆ ಸೀಟು..."

"ಕಾಲು ಮಡಚೋಕಾಗ್ತಿರಲಿಲ್ಲ. ಕೊನೇ ತನಕ ತಳ್ಳಿಸಿದ್ದೆ." ಸ್ವಾಲಾ ತಟ್ಟನೆ ಅವಳತ್ತ ತಿರುಗಿದಳು. "ತಾಳು... ನೀನು ಅದನ್ನ ಮುಂದೆ ಎಳ್ಕೊಂಡಿಲ್ವಾ? ಅರ್ಧ ದೇಶ ಹಾಗೇ ಕೂತು ಬಂದ್ಯಾ?"

ಡ್ರೀವಾಳ ಮುಖ ನೋಡಿ ಸ್ವಾಲಾ ನಗಲು ಶುರುಮಾಡಿದಳು. ಪಕ್ಕದ ಶವರಿನಡಿ ಇದ್ದ ಮುದುಕಿಯೂ ಕಾರಣ ತಿಳಿಯದೆ ನಕ್ಕಳು. ಡ್ರೀವಾಳಿಗೆ ನಗು ಬರಲಿಲ್ಲ. ಕೇಳಬೇಕಾದ್ದು ಇನ್ನೂ ಇತ್ತು.

"ನಿಮ್ಮಿಬ್ಬರ ನಡುವೆ... ಏನೂ ಇರ್ಲಿಲ್ವಾ?"

ಸ್ವಾಲಾಳ ನಗು ನಿಂತಿತು. ತಲೆಯ ಮೇಲೆ ನೀರು ಬೀಳುತ್ತಿತ್ತು.

"ನನ್ನ ಕಡೆಯಿಂದ ಇತ್ತು. ಸುಳ್ಳು ಯಾಕೆ ಹೇಳ್ಲಿ? ಒಂದಿನ ಕೇಳಿಯೂ ಬಿಟ್ಟೆ. ಅವನು ಎದ್ದು ಕಾಫಿ ಮಾಡೋಕೆ ಹೋದ."

"ಕಾಫಿ?"

"ಅರ್ಧ ಗಂಟೆ ಕಾಫಿ ಮಾಡಿದ. ಅರ್ಥ ಮಾಡ್ಕೊಂಡೆ."

ಡ್ರೀವಾಳ ಹೊಟ್ಟೆಕಿಚ್ಚು ಅಲ್ಲೇ ಸಾಯಲಿಲ್ಲ. ಅದರ ಹಲ್ಲು ಉದುರಿತು, ಅಷ್ಟೇ. ಕೋಲು ನೋಡಿ ತಾನು ಅಂದುಕೊಂಡ ಮಾತು ನೆನಪಾಗಿ ಮೈಯೆಲ್ಲ ಸುಟ್ಟಿತು. ಬಿಸಿನೀರಿಗೆ ಇಳಿಯುವ ತನಕ ಸ್ವಾಲಾಳ ಮೊಣಕೈ ಬಿಡಲಿಲ್ಲ.

ಮಾರನೆಯ ದಿನ ಹೊಗೆಯಾಡುವ ಹಳದಿ ನೆಲ, ಪೂರ್ವದ ಕಣಿವೆಗಳು, ಆಮೇಲೆ ದಕ್ಷಿಣದಲ್ಲಿ ಸಾಲಾಗಿ ಇಳಿದು ಬಂದ ಹಿಮನದಿಗಳ ಬೂದು ನಾಲಿಗೆಗಳು. ಸೀಟು ಹಾಗೇ ಇತ್ತು. ಈಗ ಎಳೆದುಕೊಂಡರೆ ಸೋತಂತೆ ಎಂಬ ಹಟ.

'ಅವಳಿಗೆ ಕಾಫಿ ಮಾಡಿದೆ. ಸರಿ. ಆದರೆ ನನಗೆ? ಒಂದು ಮಾತು ಹೇಳಲು ಏನಾಗಿತ್ತು ನಿನಗೆ?'

ದಾರಿಯಲ್ಲಿ ಕೊಂಡ ಒಣಮೀನಿಗೆ ಬೆಣ್ಣೆ ಸವರಿ ಅವನ ಕೈಗಿಟ್ಟಳು. ಅವನು ಅದನ್ನೇ ನೋಡಿದ.

"ತಿನ್ನು. ವಿಷ ಹಾಕಿಲ್ಲ."

"ಸೋಮವಾರ ಹೋಗ್ತೀಯ ಅಂತ ನಿಮ್ಮಪ್ಪ ಹೇಳಿದ್ರು. ಖಂಡಿತಾನಾ?"

"ಖಂಡಿತ. ಯಾರಾದ್ರೂ ತಡೆದಿದ್ದಾರಾ?"

ಅವನು ಮೀನು ಜಗಿದ. ತುಂಬ ಹೊತ್ತು ಜಗಿದ.

ಸಂಜೆಗೆ ಅಪ್ಪನ ಮನೆಯಂಗಳ. ಇಳಿಯುತ್ತಲೇ ಡ್ರೀವಾಳ ಕಣ್ಣು ದೂರದ ಹೊಳೆಯತ್ತ ಹೋಯಿತು. ರಕ್ಷಣಾ ದಳದ ಎತ್ತರದ ಲಾರಿಗಳು ನೀರು ಸೀಳಿಕೊಂಡು ಈಚೆ ದಡಕ್ಕೆ ಬರುತ್ತಿದ್ದವು. ಬೆನ್ನ ಮೇಲೆ ಜನ, ಸಾಮಾನು, ಒಂದು ಕಾರು ಕೂಡ!

"ಅಪ್ಪಾ... ಇದು ಯಾವಾಗಿಂದ?"

ಅವಳ ಅಪ್ಪ, ಮೇಕೆಗಡ್ಡದ ತೋರ್ಲಾಕ್, ಪೈಪಿನ ಬೂದಿ ಕೊಡವಿದ. "ನಿನ್ನೆ ಮಧ್ಯಾಹ್ನದಿಂದ ದಾಟಿಸ್ತಿದ್ದಾರೆ."

"ನಿನ್ನೆ ಮಧ್ಯಾಹ್ನ! ನಮಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ದೆನಲ್ಲ, ಇವನಿಗೆ! ನೀವು ಆಚೆ ಬಂಕಿನಲ್ಲಿದ್ದಾಗಲೇ ಫೋನ್ ಮಾಡಿ, ಮಧ್ಯಾಹ್ನ ಲಾರಿ ಬರುತ್ತೆ ಅಂದೆ. 'ಗೊತ್ತು, ಅವಳಿಗೆ ಹೇಳ್ಬೇಡಿ' ಅಂದ. ನಾನು ನಕ್ಕೆ, ಅವನೂ ನಕ್ಕ. ನನಗೇನು ಗೊತ್ತು ನಿಮ್ಮ ವ್ಯವಹಾರ? ಟೈರು ತಂದ್ಯೇನೋ?" ಎಂದು ಜೀಪಿನ ಹಿಂದಕ್ಕೆ ನಡೆದ.

ಆ ಫೋನು... ಆ ನಗು... ಅಪ್ಪನ ಜೊತೆ!

ಡ್ರೀವಾ ನಿಧಾನವಾಗಿ ತಿರುಗಿದಳು. ಸ್ಟೇನಾರ್ ಬೂಟಿನ ತುದಿಯಿಂದ ಕಲ್ಲು ಒದೆಯುತ್ತಿದ್ದ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ರೇಡಿಯೋ ಆರಿಸಿದ್ದು?"

"ಅದಕ್ಕೇ."

"ನನ್ನ ಸೊಂಟ ಬಿದ್ದುಹೋಯ್ತು ಕಣೋ! ಇಡೀ ದೇಶ ಸುತ್ತಿಸಿದ್ಯಲ್ಲ! ಯಾಕೆ?"

"ಅರ್ಧ ಗಂಟೇಲಿ ನನ್ನಿಂದ ಏನು ಹೇಳೋಕಾಗುತ್ತೆ ಡ್ರೀವಾ? ಬಾಯಿ ಬಿಡೋಕೇ ನಂಗೆ ಒಂದು ದಿನ ಬೇಕು. ಇಡೀ ದೇಶ ಸುತ್ತಿದ್ರೆ ಎಲ್ಲಾದ್ರೂ ಒಂದು ಕಡೆ ಹೇಳ್ತೀನಿ ಅಂದ್ಕೊಂಡೆ."

"ಹೇಳಿದ್ಯಾ?"

"ಇಲ್ಲ."

"ಸ್ವಾಲಾ ಹೇಳಿದ್ಲು. ನಿನ್ನ ಬದಲಿಗೆ ಅವಳು!"

"ಗೊತ್ತು. ಪಾತ್ರೆ ತೊಳೀತಾ ನಾಚಿಕೆ ಆಯ್ತು." ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು, ಗಾಳಿಗಲ್ಲ. "ಆಸ್ಪತ್ರೆಯಿಂದ ನಿಂಗೆ ಫೋನ್ ಮಾಡೋಕೆ ಮೂರು ವಾರ ತಗೊಂಡೆ. ಮಾಡಿದಾಗ ನೀನು ನಂಬರು ಬ್ಲಾಕ್ ಮಾಡಿಬಿಟ್ಟಿದ್ದೆ. ತಪ್ಪು ನಂದೇ. ಆದ್ರೆ... ಹೋಗ್ಬೇಡ. ಪ್ರೀತಿ ಇದೆ ಡ್ರೀವಾ. ಅಷ್ಟೇ ಹೇಳೋಕಿದ್ದಿದ್ದು. ಹೋಗ್ಬೇಡ."

ಎಷ್ಟು ಸಣ್ಣ ಮಾತು! ಇದಕ್ಕೆ ಇಷ್ಟು ದೊಡ್ಡ ಸುತ್ತು!

ಬಯ್ಯಬೇಕೆಂದು ಬಾಯಿ ತೆರೆದಳು. ಬಂದದ್ದು ಅಳು. ಅವನ ಸ್ವೆಟರಿಗೆ ಮುಖ ಒತ್ತಿದಳು. ಟೈರಿನ ವಾಸನೆ ಬರುತ್ತಿತ್ತು.

"ಸೋಮವಾರದ ವಿಮಾನ ಬಿಡ್ತೀನಿ," ಎಂದಳು ಮೂಗೊರೆಸಿಕೊಂಡು. "ಆದ್ರೆ ಬರ್ಗೆನ್‌ಗೆ ವಾರಕ್ಕೆ ಎಷ್ಟು ವಿಮಾನ ಇವೆ ಅಂತ ನಂಗೆ ಗೊತ್ತು. ಹುಷಾರು!"

"ಹೂಂ."

"ಹೂಂ ಅಲ್ಲ. ಇನ್ಮೇಲೆ ಬಾಯಿ ಬಿಟ್ಟು ಮಾತಾಡ್ಬೇಕು."

"ಮಾತಾಡ್ತೀನಿ."

ಡ್ರೀವಾ ಜೀಪಿನ ಬಾಗಿಲು ತೆಗೆದು, ಗಾಳಿಗೆ ಸಿಗದಂತೆ ಮೊಣಕೈಯಲ್ಲಿ ತಡೆದು, ಸೀಟಿನ ಕೆಳಗೆ ಕೈ ಹಾಕಿದಳು. ಲಿವರ್ ಎಳೆದಳು. ಸೀಟು ಕಿರ್ರೆಂದು ಮುಂದೆ ಬಂದು ಹಳೆಯ ಜಾಗದಲ್ಲಿ ಟಕ್ಕೆಂದು ಕೂತಿತು.

"ಇದನ್ನ ಇನ್ನು ಯಾರೂ ಸರಿಸಬಾರದು."

"ಸ್ವಾಲಾಗೆ ಮುಂದಿನ ತಿಂಗಳು ಮತ್ತೆ ಆಸ್ಪತ್ರೆ ಇದೆ."

ಡ್ರೀವಾ ಜೀಪಿನ ಹಿಂದಿನ ಸೀಟಿನತ್ತ ನೋಡಿದಳು.

"ಅವಳು ಮುಂದೆ ಕೂರ್ಲಿ. ನಾನು ಹಿಂದೆ ಕೂರ್ತೀನಿ."

"ನೀನ್ಯಾಕೆ ಬರ್ತೀಯ?"

"ಯಾಕೆ ಅಂದ್ರೆ? ನಿಮ್ಮಿಬ್ಬರನ್ನೇ ಕಳಿಸ್ತೀನಿ ಅಂದ್ಕೊಂಡ್ಯಾ?"

ಸ್ಟೇನಾರ್ ನಕ್ಕ. ಈ ಸಲ ಫೋನಿನಲ್ಲಿ ಅಲ್ಲ.