ಉಗುರ ಬುಡದ ನೀಲಿ

ರಾತ್ರಿ ಎರಡರ ಸುಮಾರಿಗೆ ಗೋಡೆಗೆ ಬಳೆ ಸವರಿದ ಸದ್ದಿಗೆ ಯೋಗಿತಾಗೆ ಎಚ್ಚರವಾಯಿತು. ತಂಗಿ ಧನಶ್ರೀ ಬಚ್ಚಲಿಗೆ ಹೊರಟಿದ್ದಳು. ದೀಪ ಹಾಕಿಕೊಂಡರೂ ಅವಳಿಗೆ ಗೋಡೆ ಬೇಕು. ಹೋದ ವರ್ಷ ಆ ಸದ್ದು ನಡುಮನೆಯ ಬಾಗಿಲಿನಿಂದಾಚೆ ಮಾತ್ರ ಕೇಳುತ್ತಿತ್ತು. ಈಗ ಹಾಸಿಗೆಯ ಬದಿಯಿಂದಲೇ ಶುರುವಾಗುತ್ತಿತ್ತು. ಯೋಗಿತಾ ಏಳಲಿಲ್ಲ, ಎದ್ದು ಕೈ ಹಿಡಿದರೆ ಧನಶ್ರೀಗೆ ಸಿಟ್ಟು ಬರುತ್ತದೆ. ಸದ್ದು ನಿಲ್ಲುವತನಕ ಕಾದು, ಹಗಲೆಲ್ಲ ಬೇಡ ಬೇಡವೆಂದು ತಳ್ಳಿಟ್ಟಿದ್ದ ಯೋಚನೆಯನ್ನು ಮತ್ತೆ ಕೈಗೆತ್ತಿಕೊಂಡಳು.

ಧನಶ್ರೀಗೆ ಇಪ್ಪತ್ತೆರಡು. ಕಣ್ಣಿನ ಪರದೆ ಅಂಚಿನಿಂದ ಒಳಮುಖವಾಗಿ ಸಾಯುತ್ತ ಬರುವ ರೋಗ ಅವಳದು. ದಿನಾ ಬಸ್ಸಿನಲ್ಲಿ ಸಾಂಗಲಿಗೆ ಹೋಗಿ, ಅಂಗಡಿಯೊಂದರಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಾಳೆ. ತೊಡೆಯ ಪಕ್ಕ ಇಟ್ಟ ಕತ್ತರಿ ಕಾಣುವುದಿಲ್ಲ. ನಡುವೆ ಉಳಿದಿರುವ ಆ ಚೂರು ನೋಟವೂ ನಾಲ್ಕೈದು ವರ್ಷಗಳಲ್ಲಿ ಹೋಗುತ್ತದೆಂದು ಗಜಾನನ ಡಾಕ್ಟರು ಹೇಳಿದ್ದರು.

ಆ ಡಾಕ್ಟರ ಕೈಕೆಳಗೇ ಯೋಗಿತಾಳ ಕೆಲಸ. ಮಿರಜದ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ, ಹಿಂದೆ ಮೊಡವೆಗೆ ಕೊಡುತ್ತಿದ್ದ ಹಳೆಯ ಆ್ಯಂಟಿಬಯಾಟಿಕ್ ಒಂದು ಈ ರೋಗವನ್ನು ತಡೆದೀತೇ ಎಂದು ಪರೀಕ್ಷೆ ನಡೆದಿತ್ತು. ನಲವತ್ತು ರೋಗಿಗಳು, ಒಂದೂವರೆ ವರ್ಷ. ಅರ್ಧ ಜನಕ್ಕೆ ಔಷಧಿ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಬರೀ ಹಿಟ್ಟು ತುಂಬಿದ ಗುಳಿಗೆ. ಯಾರಿಗೆ ಯಾವುದೆಂಬುದು ಪುಣೆಯ ಒಂದು ಕಂಪ್ಯೂಟರಿಗೆ ಮಾತ್ರ ಗೊತ್ತು. ಗಡಿಯ ಹಳ್ಳಿಗಳಿಂದ ಬಂದವರಿಗೆ ಇದನ್ನೆಲ್ಲ ಕನ್ನಡದಲ್ಲಿ ತಿಳಿಸಿ ಹೇಳಿ, ಸಹಿ ಹಾಕಿಸಿ, ತಿಂಗಳಿಗೊಮ್ಮೆ ಬಾಟಲಿ ಮುಟ್ಟಿಸುವವಳು ಯೋಗಿತಾ. ಹದಿನೆಂಟನೆಯ ನಂಬರಿನ ಬಾಟಲಿಯನ್ನು ಡಾಕ್ಟರಿಗೆ ಗೊತ್ತಿದ್ದೇ ತನ್ನ ತಂಗಿಗೆ ಕೊಟ್ಟಿದ್ದಳು. ಆರು ತಿಂಗಳಾಗಿತ್ತು. ಔಷಧಿ ಹೊಟ್ಟೆಗೆ ಹೋದದ್ದರ ಒಂದು ಗುರುತೂ ಧನಶ್ರೀಯ ಮೈಮೇಲೆ ಇರಲಿಲ್ಲ.

ಗುರುತು ಹೇಗಿರುತ್ತದೆಂದು ಹಿಂದಿನ ದಿನವಷ್ಟೇ ಗಡಿಯ ಹಳ್ಳಿ ಆರಗದಲ್ಲಿ ಕಂಡಿದ್ದಳು. ಅಲ್ಲಿ ಕುರಿ ಸಾಕುವ ತಂಗೆವ್ವನ ಮೂವರು ಮಕ್ಕಳಿಗೂ ಇದೇ ರೋಗ. ಅಪ್ಪಾಸಾಬ, ಧರೆಪ್ಪ, ಅವರ ತಂಗಿ ಕಾಡವ್ವ. ನಂಬರು ಹದಿನೈದು, ಹದಿನಾರು, ಹದಿನೇಳು.

"ನೋಡ್ರಿ ಬಾಯಾರ, ಬಿಟ್ಟಿ ನೇಲ್ ಪಾಲಿಶ್," ಎಂದು ಕಾಡವ್ವ ಹತ್ತೂ ಬೆರಳು ಚಾಚಿದ್ದಳು. ಉಗುರುಗಳ ಬುಡದಲ್ಲಿ ಮಸಿ ಕಲೆಸಿದಂಥ ನೀಲಿ.

"ಕುರಿ ಹಿಂದ ಅಡ್ಡಾಡಾಕಿಗೆ ಪಾಲಿಶ್ ಬ್ಯಾರೆ! ಟಗರು ನೋಡಿ ಮೆಚ್ಚತೈತಿ," ಎಂದಳು ತಂಗೆವ್ವ.

"ಮೆಚ್ಚಲಿ ಬಿಡ ಯವ್ವಾ. ಅಂಥಾ ಅಳಿಯ ಬಂದ್ರ ಹುಲ್ಲಿನ ಮ್ಯಾಲೆ ಮುಗೀತು. ಕೋಳಿ ಕೊಯ್ಯೂದು ಉಳೀತು."

ಎಲ್ಲರ ಜೊತೆ ಯೋಗಿತಾಳೂ ನಕ್ಕಿದ್ದಳು. ಈ ಔಷಧಿ ಕೆಲವರ ಉಗುರಿನಲ್ಲಿ ನೀಲಿಯಾಗಿ ಕೂಡುತ್ತದೆ. ಹಾಗೆ ಕಂಡರೆ ಅದನ್ನು ನಮೂನೆಯಲ್ಲಿ ಬರೆಯಬೇಕು. ಅವಳ ಕೈ ಆ ಜಾಗದಲ್ಲಿ 'ಏನೂ ಇಲ್ಲ' ಎಂದು ಬರೆಯಿತು. ಹಾಗೇಕೆ ಬರೆದೆನೆಂದು ಮಿರಜಕ್ಕೆ ಮರಳುವ ಬಸ್ಸಿನಲ್ಲಿ ತನ್ನನ್ನೇ ಕೇಳಿಕೊಂಡಿದ್ದಳು. ಈಗ ಉತ್ತರ ಸಿಕ್ಕಿತು.

ನಂಬರುಗಳು ಜೋಡಿ ಜೋಡಿಯಾಗಿದ್ದವು. ಜೋಡಿಯಲ್ಲಿ ಒಬ್ಬರಿಗೆ ಔಷಧಿಯಾದರೆ ಇನ್ನೊಬ್ಬರಿಗೆ ಹಿಟ್ಟು. ನೂರಹತ್ತು ಪುಟದ ನಿಯಮಾವಳಿಯಲ್ಲಿ ಎಲ್ಲೋ ಇದ್ದ ಆ ಸಾಲನ್ನು ಆಸ್ಪತ್ರೆಯಲ್ಲಿ ಓದಿದವಳು ಅವಳೊಬ್ಬಳೇ. ಹದಿನೇಳು, ಹದಿನೆಂಟು ಒಂದು ಜೋಡಿ. ಕಾಡವ್ವನದು ಔಷಧಿ, ಅಂದಮೇಲೆ ಧನಶ್ರೀಯದು ಹಿಟ್ಟು.

ಅಂಗಡಿಯಲ್ಲಿ ಕೊಂಡು ತಿನ್ನಿಸಬಹುದೇ ಎಂದು ಮೊದಲೇ ವಿಚಾರ ಮಾಡಿದ್ದಳು. ಅಂಗಡಿಯ ಗುಳಿಗೆ ಕಣ್ಣಿನ ಪರದೆಯವರೆಗೆ ಸಾಕಷ್ಟು ತಲುಪುವುದಿಲ್ಲ. ಇದನ್ನು ಈ ಪರೀಕ್ಷೆಗೆಂದೇ ಬೇರೆ ಬಗೆಯಲ್ಲಿ ತಯಾರಿಸಿದ್ದರು. ಹೊರಗೆ ಎಲ್ಲೂ ಸಿಗುತ್ತಿರಲಿಲ್ಲ.

ಉಳಿದದ್ದು ಸುಲಭವಿತ್ತು. ಬಾಟಲಿಯ ಬಾಯಿಗೆ ಅಂಟಿಸಿದ ಕಾಗದದ ಪಟ್ಟಿಯನ್ನು ರೋಗಿಯ ಎದುರಿಗೇ ಹರಿದು ಅರವತ್ತು ಗುಳಿಗೆ ಎಣಿಸಿ ಕೊಡಬೇಕು. ಪಟ್ಟಿ ತೋರಿಸು ಎಂದು ಈವರೆಗೆ ಒಬ್ಬ ರೋಗಿಯೂ ಕೇಳಿರಲಿಲ್ಲ. ಹೆಚ್ಚಿನವರಿಗೆ ಅದು ಕಾಣುತ್ತಲೂ ಇರಲಿಲ್ಲ. ದಾಸ್ತಾನು ಕೋಣೆಯಲ್ಲಿ ಎರಡೂ ಬಾಟಲಿಯ ಪಟ್ಟಿ ಹರಿದು, ಇದರ ಗುಳಿಗೆ ಅದಕ್ಕೆ, ಅದರ ಗುಳಿಗೆ ಇದಕ್ಕೆ. ನಂಬರು ಬದಲಾಗದು, ಎಣಿಕೆ ತಪ್ಪದು. ರಕ್ತಪರೀಕ್ಷೆ ಯಕೃತ್ತನ್ನು ನೋಡುತ್ತದೆ, ಔಷಧಿಯನ್ನಲ್ಲ. ಪುಣೆಯಿಂದ ಬರುವವರು ಸಹಿ, ತಾರೀಖು ನೋಡಿ ಚಹಾ ಕುಡಿದು ಹೋಗುತ್ತಾರೆ. ಕಾಡವ್ವನ ಉಗುರು ನಿಧಾನವಾಗಿ ತಿಳಿಯಾದರೆ ಅದನ್ನು ಬರೆಯುವವಳೂ ತಾನೇ.

ಕಾಡವ್ವನ ಬಗ್ಗೆಯೂ ಅವಳು ಯೋಚಿಸಲಿಲ್ಲವೆಂದಲ್ಲ. ಕಾಡವ್ವನಿಗೆ ಇಬ್ಬರು ಅಣ್ಣಂದಿರಿದ್ದಾರೆ, ಅವ್ವ ಇದ್ದಾಳೆ. ಕುರಿಗಳಿಗೆ ದಾರಿ ಗೊತ್ತು, ಅವುಗಳ ಹಿಂದೆ ನಡೆದರಾಯಿತು. ಧನಶ್ರೀಗೆ ತಾನೊಬ್ಬಳೇ. ಈ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಎರಡನೆಯ ಸಲ ಅದು ನಿಜವೆಂದೇ ಕೇಳಿಸಿತು.

ಮುಂದಿನ ಸೋಮವಾರ ಗುಳಿಗೆಗಳನ್ನು ಅದಲುಬದಲು ಮಾಡಿದಳು.

"ಅಕ್ಕಾ, ನನಗ ಖರೇದ್ದ ಬಂದಿರಬೇಕೇನ?" ಎಂದು ಆ ರಾತ್ರಿ ಧನಶ್ರೀ ಕೇಳಿದಳು.

"ಖರೇದ್ದ ಐತಿ. ತಗೋ."

"ನಿನಗ ಹೆಂಗ ಗೊತ್ತ? ಆ ಕಂಪ್ಯೂಟರ್ ನಿನ್ನ ಗೆಳತಿ ಏನ?"

"ಬಾಯಿ ಮುಚ್ಚಿ ನುಂಗ," ಎಂದು ಯೋಗಿತಾ ನೀರಿನ ತಂಬಿಗೆ ಮುಂದೆ ಮಾಡಿದಳು.

ಹನ್ನೆರಡು ತಿಂಗಳು, ಹನ್ನೆರಡು ಸಲ. ಧನಶ್ರೀಯ ಉಗುರು ನೀಲಿಯಾಗಲಿಲ್ಲ. ಎಲ್ಲರಿಗೂ ಆಗಬೇಕೆಂದಿಲ್ಲ ಎಂದುಕೊಂಡಳು. ಪ್ರತಿ ತಪಾಸಣೆಯಲ್ಲೂ ಧನಶ್ರೀಯ ನೋಟ ಇನ್ನಷ್ಟು ಕಿರಿದಾಗುತ್ತ ಹೋಯಿತು. ಔಷಧಿ ಇಲ್ಲದಿದ್ದರೆ ಇನ್ನೂ ಬೇಗ ಹೋಗುತ್ತಿತ್ತು ಎಂದುಕೊಂಡಳು. ದೀಪಾವಳಿಯ ಹೊತ್ತಿಗೆ ಧನಶ್ರೀ ಒಬ್ಬಳೇ ಬಸ್ಸು ಹತ್ತುವುದನ್ನು ಬಿಟ್ಟಳು. ಅಂಗಡಿಯವರು ಸೀರೆಗಳನ್ನು ಮನೆಗೇ ಕಳಿಸಿದರು, ಆಮೇಲೆ ಕಳಿಸುವುದನ್ನೂ ನಿಲ್ಲಿಸಿದರು.

ಯಾರಿಗೆ ಯಾವುದು ಸಿಕ್ಕಿತ್ತೆಂಬ ಗುಟ್ಟಿನ ಪಟ್ಟಿ ಪುಣೆಯಿಂದ ಬಂದ ದಿನ ಡಾಕ್ಟರು ಸಂತೋಷದಲ್ಲಿದ್ದರು. ಔಷಧಿ ಸಿಕ್ಕವರಲ್ಲಿ ರೋಗದ ನಡಿಗೆ ಎದ್ದು ಕಾಣುವಷ್ಟು ನಿಧಾನವಾಗಿತ್ತು. ಹಿಟ್ಟು ಸಿಕ್ಕವರಿಗೂ ಇನ್ನು ಮೇಲೆ ಔಷಧಿ ಕೊಡುವುದೆಂದೂ, ಔಷಧಿ ಸಿಕ್ಕೂ ಫಲ ಕಾಣದವರನ್ನು ಕೈಬಿಡುವುದೆಂದೂ ಮುಂದಿನ ಹಂತದ ನಿಯಮವಿತ್ತು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಅವರು ಒಂದು ಕಡೆ ನಿಂತರು. ಹದಿನೇಳು: ಹಿಟ್ಟು. ಹದಿನೆಂಟು: ಔಷಧಿ.

"ವಿಚಿತ್ರ ಜೋಡಿ," ಎಂದರು ಮರಾಠಿಯಲ್ಲಿ. "ಹಿಟ್ಟು ತಿಂದವಳ ಕಣ್ಣು ಹಾಗೇ ನಿಂತಿದೆ. ನಿನ್ನ ತಂಗಿಗೆ ಮಾತ್ರ ಔಷಧಿ ನಾಟಲೇ ಇಲ್ಲ ನೋಡು. ಅವಳನ್ನು ಬಿಡಬೇಕಾಗುತ್ತದೆ ಯೋಗಿತಾ."

ಅವಳು ತಲೆಯಾಡಿಸಿದಳು, ಆದರೆ ನಂಬಲಿಲ್ಲ. ಪುಣೆಯವರು ಚೀಟಿ ಅಂಟಿಸುವಾಗ ತಪ್ಪಿದ್ದಾರೆ. ಕಾಗದ ತಪ್ಪಬಹುದು, ಉಗುರು ತಪ್ಪದು. ಆ ಉಗುರನ್ನು ಇನ್ನೊಮ್ಮೆ ಕಣ್ಣಾರೆ ಕಂಡರೆ ಸಾಕೆನ್ನಿಸಿತು. ಕೊನೆಯ ಬಾಟಲಿಗಳನ್ನು ವಾಪಸು ತರುವ ನೆಪದಲ್ಲಿ ಮರುದಿನವೇ ಆರಗದ ಬಸ್ಸು ಹತ್ತಿದಳು.

"ಬರ್ರಿ ಬಾಯಾರ, ಕುಂದ್ರಿ," ಎಂದು ತಂಗೆವ್ವ ಕಂಬಳಿ ಹಾಸಿದಳು. ಯೋಗಿತಾ ಕೂರದೆ, ಕಾಡವ್ವನ ಕೈಯನ್ನು ಬಾಗಿಲ ಬೆಳಕಿಗೆ ಹಿಡಿದಳು. ನೀಲಿ ಹಾಗೇ ಇತ್ತು. ಒಮ್ಮೆ ಕೂತ ನೀಲಿ ಬೇಗ ಬಿಡದು, ತಪ್ಪು ಪುಣೆಯವರದೇ ಎಂದುಕೊಂಡಳು. ಆಗ ಹಿಂದಿನಿಂದ ಧರೆಪ್ಪ, "ಯಾವಾಗ್ಲೂ ಆಕೀ ಕೈನ ಹಿಡೀತೀರಲ್ರಿ. ನಮ್ಮ ಉಗುರು ಏನ್ ಪಾಪ ಮಾಡ್ಯಾವ?" ಎಂದು ನಗುತ್ತ ತನ್ನ ಕೈಗಳನ್ನು ಚಾಚಿದ. ಪಕ್ಕದಲ್ಲಿ ಅಪ್ಪಾಸಾಬನೂ ಚಾಚಿದ. ಮೂವತ್ತು ಉಗುರು, ಮೂವತ್ತರ ಬುಡದಲ್ಲೂ ಅದೇ ನೀಲಿ. ಅವಳ ಮುಖ ಕಂಡು ತಂಗೆವ್ವನ ನಗು ಆರಿತು. ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿ ತಂದು ಅವಳ ಮುಂದಿಟ್ಟಳು. "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ. ಒಬ್ಬರಿಗೆ ಖರೇದ್ದು, ಒಬ್ಬರಿಗೆ ಸುಳ್ಳು ಅಂದ್ರ ಹಡೆದಾಕಿಗೆ ಹೆಂಗ ತಡೀತದ? ಮೊದಲನೇ ತಿಂಗಳಿಂದನ ಮೂರೂ ಬಾಟ್ಲಿ ಇದರಾಗ ಸುರುವಿ, ಕಲಸಿ, ಕೈಗೆ ಬಂದದ್ದು ಮೂವರಿಗೂ ಕೊಟ್ಟೇನಿ. ಡಾಕ್ಟರಿಗೆ ಅನ್ನಬ್ಯಾಡ್ರಿ ಯವ್ವಾ, ನನ್ನ ಮಕ್ಕಳನ್ನ ಬಿಟ್ಟಾರು." ಯೋಗಿತಾ ಡಬ್ಬಿಯೊಳಗೆ ನೋಡಿದಳು, ತಳದಲ್ಲಿ ನಾಲ್ಕು ಗುಳಿಗೆ ಉಳಿದಿದ್ದವು, ನಾಲ್ಕೂ ಒಂದೇ ಥರ. ಕಾಡವ್ವನ ನೀಲಿ ಅಣ್ಣಂದಿರ ಬಾಟಲಿಯಿಂದ ಬಂದದ್ದು, ಪುಣೆಯ ಪಟ್ಟಿಯೇ ಸರಿ. ಧನಶ್ರೀಯನ್ನು ಮುಂದಿನ ಹಂತಕ್ಕೆ ಸೇರಿಸಬೇಕಾದರೆ ಡಾಕ್ಟರ ಎದುರು ಆಡಬೇಕಾದ ಮಾತುಗಳು ಒಂದೊಂದಾಗಿ ಮನಸ್ಸಿಗೆ ಬಂದವು: ದಾಸ್ತಾನು ಕೋಣೆ, ಹರಿದ ಪಟ್ಟಿ, ಹನ್ನೆರಡು ತಿಂಗಳು. ಕೊನೆಯ ಮಾತು ಧನಶ್ರೀಯ ಮುಂದೆ ಆಡಬೇಕಾದದ್ದು. ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಇಲ್ಲ ಆಯಿ," ಎಂದಳು, "ಯಾರ ಮುಂದೂ ಅನ್ನೂದಿಲ್ಲ."